ಶೆಲ್ಲಿನೊಳಗೆ ಬೆಳಕು ಬಿಟ್ಟು ನೋಡಿದ ವರ್ಷ

ಕಳೆದ ತಿಂಗಳು ಮನೆಯ ಬೋರ್‌ವೆಲ್ ಮೋಟಾರಿನ ಶಾಫ್ಟ್ ಸವೆದುಹೋಗಿ, ಅದನ್ನು ಹಿಡಿದುಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಂದು ಲೇತ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಶಾಫ್ಟನ್ನು ಕಚ್ಚಿಸಿ ಲೇತ್ ಶುರು ಮಾಡಿದ. ಕಬ್ಬಿಣ ಕಾಯದಿರಲೆಂದು ಬಿಡುವ, ನೀರುಮಜ್ಜಿಗೆಯಂತೆ ಬೆಳ್ಳಗಿರುವ ಕೂಲೆಂಟು ತಿರುಗುವ ಉಕ್ಕಿನ ಮೇಲೆ ಸುರಿಯತೊಡಗಿದ್ದೇ ತಡ, ಬಿಸಿ ಕಬ್ಬಿಣ, ಎಣ್ಣೆ, ಹಳಸಿದ ನೀರು ಮೂರೂ ಸೇರಿದ ಆ ವಾಸನೆ ಎದ್ದಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ರಸ್ತೆಯ ಬದಿಯಲ್ಲಿ ನಿಂತೆ.

"ವಾಸನೆ ಆಗಲ್ವಾ ಮೇಡಂ?" ಎಂದು ಅವನು ಒಳಗಿನಿಂದಲೇ ಕೇಳಿದ.

"ಅಭ್ಯಾಸ ಇದೆ" ಎಂದೆ. ಅಭ್ಯಾಸ ಇತ್ತು ಎನ್ನಬೇಕಿತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ಆ ವಾಸನೆ ನನ್ನ ಕೂದಲಿನಲ್ಲಿ, ದುಪಟ್ಟಾದಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಸೇರಿಕೊಂಡಿತ್ತು. ಭಾನುವಾರ ಸೀಗೆಪುಡಿ ಹಾಕಿ ತಿಕ್ಕಿದರೂ ಸೋಮವಾರಕ್ಕೆ ಮತ್ತೆ ಹಾಗೇ.

ಕಾರ್ಗಿಲ್ ಯುದ್ಧ ನಡೆದ ವರ್ಷ ನಾನು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಸೈನ್ಯಕ್ಕೆ ಸಾಮಾನು ಪೂರೈಸುವ, ಹೊರರಾಜ್ಯದ ಭಾರೀ ಕಂಪನಿಯೊಂದರ ಘಟಕ ಅದು. ಹೆಸರು ಇಲ್ಲಿ ಬೇಡ. ಫಿರಂಗಿಗೆ ತುಂಬುವ ಶೆಲ್ಲಿನ ಉಕ್ಕಿನ ಕವಚ ಅಲ್ಲಿ ತಯಾರಾಗುತ್ತಿತ್ತು. ಮದ್ದು ತುಂಬುವುದು, ಸಿಡಿಸುವ ಫ್ಯೂಜನ್ನು ಅದರ ತಲೆಗೆ ಕೂರಿಸುವುದು ಎಲ್ಲ ಬೇರೆಲ್ಲೋ ನಡೆಯುತ್ತಿತ್ತು. ನಮ್ಮಲ್ಲಿಂದ ಹೋಗುತ್ತಿದ್ದದ್ದು ಖಾಲಿ ಕವಚ ಮಾತ್ರ. ಖಾಲಿಯಾದದ್ದನ್ನು ಮಾಡುವವರಿಗೆ ಪಾಪ ಏನು, ಪುಣ್ಯ ಏನು ಎಂದು ನಾವು ನಾವೇ ಹೇಳಿಕೊಳ್ಳುತ್ತಿದ್ದೆವು.

ಏನು ಮಾಡುತ್ತೇವೆಂದು ಹೊರಗೆ ಯಾರಿಗೂ ಹೇಳಬಾರದೆಂಬ ಕಟ್ಟಪ್ಪಣೆ ಇತ್ತು. ಅಮ್ಮ ಕೇಳಿದಾಗ ಪೈಪು ಮಾಡ್ತಾರೆ ಎಂದಿದ್ದೆ. ಆದರೆ ಭದ್ರಾವತಿ ಬಸ್ಸಿನ ಕಂಡಕ್ಟರುಗಳು ನಮ್ಮ ಗೇಟಿನ ಮುಂದೆ "ಬಾಂಬ್ ಫ್ಯಾಕ್ಟ್ರಿ ಇಳಿಯೋರು ಬನ್ನಿ" ಎಂದು ಕೂಗುತ್ತಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ನಮ್ಮ ಮನೆಗಳಲ್ಲಿ ಮಾತ್ರ ಗುಟ್ಟಾಗಿ ಉಳಿದಿತ್ತು.

ಕೆಲಸ ಸಿಕ್ಕಾಗ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಹಬ್ಬವೇ ಆಯಿತು. ಅಪ್ಪನದು ಸಣ್ಣ ಪಾತ್ರೆ ಅಂಗಡಿ. ನಾನು ಮೆಟಲರ್ಜಿ ಡಿಪ್ಲೊಮಾ ಓದುತ್ತೇನೆಂದಾಗ "ಹುಡುಗಿ ಕಬ್ಬಿಣ ಓದಿ ಏನ್ ಮಾಡ್ತಾಳೆ" ಎಂದು ನಕ್ಕಿದ್ದ ಅತ್ತೆ ಈಗ ನೆಂಟರ ಮುಂದೆ, "ಡಿಫೆನ್ಸ್ ಕಂಪನಿ ಅಂದ್ರೆ ಗೌರ್ಮೆಂಟ್ ಇದ್ದಂಗೇ, ನಾಳೆ ಮುಚ್ಚಿಹೋಗೋ ಮಾತಿಲ್ಲ" ಎಂದು ನನ್ನ ಮದುವೆಯ ಮಾತು ತೆಗೆಯತೊಡಗಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭದ್ರಾವತಿಯ ಹಳೆಯ ಉಕ್ಕಿನ ಕಾರ್ಖಾನೆಯ ಚಿಮಣಿಗಳಲ್ಲಿ ಹೊಗೆ ತೆಳುವಾಗುತ್ತಿದ್ದ ಕಾಲ ಅದು. ಅಪ್ಪ ಕೆಲಸ ಮಾಡಿದ ಕಡೆ ಮಗನಿಗೂ ಕೆಲಸ ಎಂಬ ನಂಬಿಕೆ ಅಲ್ಲಿ ಕಳಚಿಬೀಳುತ್ತಿತ್ತು. ನಮ್ಮಲ್ಲಾದರೆ ತಿಂಗಳ ಮೊದಲನೇ ತಾರೀಖು ಸಂಬಳ, ಮನೆ ಹತ್ತಿರಕ್ಕೆ ಬಸ್ಸು, ಬಿಸಿ ಊಟ, ಮನೆಯವರಿಗೆಲ್ಲ ಔಷಧಿ. ನನ್ನ ಸಂಬಳವನ್ನು ನನ್ನ ಹೆಸರಿನ ಬ್ಯಾಂಕ್ ಖಾತೆಯಿಂದ ನಾನೇ ತೆಗೆದು ಅಮ್ಮನ ಕೈಗೆ ಕೊಟ್ಟ ದಿನದ ಹೆಮ್ಮೆಯನ್ನು ಮುಂದೆ ನಡೆದ ಯಾವುದೂ ಪೂರ್ತಿಯಾಗಿ ಅಳಿಸಲಿಲ್ಲ.

ನನ್ನ ಕೆಲಸ ತಪಾಸಣೆಯ ವಿಭಾಗದಲ್ಲಿ. ಲೇತಿನಿಂದ ಬಂದ ಶೆಲ್ಲನ್ನು ಮರದ ತೊಟ್ಟಿಲಿನಂಥ ಒಂದು ಸ್ಟ್ಯಾಂಡಿನ ಮೇಲೆ ಮಲಗಿಸುತ್ತಿದ್ದರು. ತುದಿಗೆ ಸಣ್ಣ ಬಲ್ಬಿರುವ ಉದ್ದನೆಯ ಕಡ್ಡಿಯನ್ನು ಅದರ ಬಾಯೊಳಗೆ ಇಳಿಸಿ, ಒಳಗೋಡೆಯಲ್ಲಿ ಗೀರು, ಗುಳಿ, ಬಿರುಕು ಇದೆಯೇ ಎಂದು ನೋಡಬೇಕು. ಆಮೇಲೆ ಅದು ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯುವ ಮೆಷಿನ್ನಿಗೆ ಹೋಗುತ್ತಿತ್ತು. ನನ್ನ ಜೊತೆಗೆ ಸೆಲ್ವಿ ಇದ್ದಳು. ಭದ್ರಾವತಿಯ ತಮಿಳು ಮನೆಯವಳು, ಎರಡು ಮಕ್ಕಳ ತಾಯಿ, ಗಂಡ ಕುಡಿದು ಎಲ್ಲೋ ಹೊರಟುಹೋಗಿದ್ದ. ನಾನು ಕಾಯಂ ನೌಕರಳು, ಅವಳು ಗುತ್ತಿಗೆಯವಳು. ಶೆಲ್ಲಿನ ಮೈ ಒರೆಸುವುದು, ಎಣ್ಣೆ ಸವರುವುದು ಅವಳ ಕೆಲಸ.

ನಮ್ಮ ಬೆಂಚಿಗೆ ಎದುರಾಗಿಯೇ ಪರಮೇಶಣ್ಣನ ಲೇತ್. ಭದ್ರಾವತಿಯ ಹೊಸಮನೆಯವರು. ಐವತ್ತು ದಾಟಿದ ಮನುಷ್ಯ, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ. ಅವರ ಹೆಂಡತಿ ಗಂಗಮ್ಮನಿಗೆ ಹೃದಯದ ತೊಂದರೆ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿದ್ದು, ಆಮೇಲೆ ತಿಂಗಳು ತಿಂಗಳಿನ ಮಾತ್ರೆ ಎಲ್ಲ ಕಂಪನಿಯದೇ. "ಈ ಗೇಟು ಇಲ್ದಿದ್ರೆ ಅವಳು ಇವತ್ತು ಇರ್ತಿರ್ಲಿಲ್ಲ ತಂಗಿ" ಎಂದು ನನಗೆ ಒಮ್ಮೆ ಹೇಳಿದ್ದರು. ಒಬ್ಬನೇ ಮಗ ಲೋಕೇಶ ಸೈನ್ಯದ ಫಿರಂಗಿ ದಳದಲ್ಲಿದ್ದ. ರಜೆಗೆ ಬಂದಾಗ ಅವನು, "ಅಪ್ಪ ಮಾಡ್ತಾನೆ, ನಾನು ಹಾರಿಸ್ತೀನಿ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದನಂತೆ. ಆ ಮಾತನ್ನು ನಮಗೆ ಹೇಳುವಾಗ ಮಾತ್ರ ಪರಮೇಶಣ್ಣ ನಗುತ್ತಿದ್ದರು.

ಯುದ್ಧವೂ ಮಳೆಯೂ ಒಟ್ಟಿಗೇ ಬಂದವು. ಶೆಲ್ ಕೆಲಸದವರಿಗೆ ಮಳೆಗಾಲ ಅಂದರೆ ತುಕ್ಕು. ಆಗಷ್ಟೇ ಲೇತಿನಿಂದ ಇಳಿದ, ಕನ್ನಡಿಯಂಥ ಉಕ್ಕಿನ ಮೈ ಶಿವಮೊಗ್ಗದ ಆಷಾಢದ ಗಾಳಿಗೆ ಊಟ ಮುಗಿಸಿ ಬರುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಸೆಲ್ವಿ ಒರೆಸುತ್ತಲೇ ಇರುತ್ತಿದ್ದಳು. ಅವಳ ಉಗುರುಗಳ ಸಂದಿಗೆ ಎಣ್ಣೆ ಇಳಿದು ಕಪ್ಪಾಗಿ, ಮಕ್ಕಳಿಗೆ ಕೈತುತ್ತು ಹಾಕಲು ಹೋದರೆ ಮುಖ ತಿರುಗಿಸುತ್ತವೆ ಎಂದು ಬೇಸರಪಡುತ್ತಿದ್ದಳು.

ಟಿವಿಯಲ್ಲಿ ಬೋಳು ಬೆಟ್ಟಗಳ ಮೇಲೆ ಹೊಗೆ ಏಳುತ್ತಿರುವುದನ್ನು ತೋರಿಸುತ್ತಿದ್ದರು. ಅಲ್ಲಿ ಹೊಗೆ ಎದ್ದಷ್ಟೂ ಇಲ್ಲಿ ಲಾರಿಗಳು ಹೆಚ್ಚಾದವು. ಭಾನುವಾರದ ರಜೆ ಹೋಯಿತು. ಓವರ್‌ಟೈಮಿಗೆ ಮಿತಿಯೇ ಇಲ್ಲದಾಯಿತು. ದೆಹಲಿಯಿಂದ ದೊಡ್ಡ ಆರ್ಡರ್ ಬಂದ ದಿನ ನಮ್ಮ ವಿಭಾಗದ ಮ್ಯಾನೇಜರ್ ರಾಘವನ್ ಅವರು ಪ್ರತಿ ಮೆಷಿನ್ನಿನ ಹತ್ತಿರವೂ ಬಂದು ಲಾಡು ಹಂಚಿದರು. ನಾವು ಎಣ್ಣೆಗೈಯಲ್ಲೇ ತಿಂದೆವು. ಅದೇ ಸಂಜೆ ಮನೆಗೆ ಹೋದರೆ ಟಿವಿಯಲ್ಲಿ ತ್ರಿವರ್ಣ ಹೊದಿಸಿದ ಪೆಟ್ಟಿಗೆ. ಯಾವುದೋ ಊರು, ಯಾರದೋ ಹೆಂಡತಿ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಬಾಯಲ್ಲಿ ಇನ್ನೂ ಲಾಡಿನ ಏಲಕ್ಕಿ ಇತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯೂನಿಯನ್ನಿನ ಮಂಜಪ್ಪ, ಆಯಾಸದ ಮೈಯನ್ನು ಸುಖವಾಗಿ ಚಾಚಿಕೊಂಡು ಕೂತು, "ಇನ್ನೆರಡು ತಿಂಗಳು ಎಳೀಲಿ ಮಾರಾಯ ಈ ಯುದ್ಧ, ಮನೆಗೆ ತಾರಸಿ ಹಾಕಿಸ್ಕೊಂಡ್ಬಿಡ್ತೀನಿ" ಎಂದ.

ಪರಮೇಶಣ್ಣ ತಟ್ಟೆಯಿಂದ ತಲೆ ಎತ್ತಿದರು. "ಎಳೆಯೋರು ಯಾರು ಗೊತ್ತಾ ಮಂಜಪ್ಪ?"

ಲೋಕೇಶ ಆಗ ಕಾರ್ಗಿಲ್‌ನಲ್ಲಿರಲಿಲ್ಲ, ಬೇರೆ ಗಡಿಯಲ್ಲಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಮಂಜಪ್ಪ ತಲೆ ತಗ್ಗಿಸಿ ಅನ್ನ ಕಲೆಸತೊಡಗಿದ. ಅವತ್ತು ಸಂಜೆ ಓವರ್‌ಟೈಮಿಗೆ ನಿಂತವರಲ್ಲಿ ಪರಮೇಶಣ್ಣನೂ ಇದ್ದರು, ನಾನೂ ಇದ್ದೆ.

ಬಿರುಕು ಹಿಡಿಯುವ ಮೆಷಿನ್ ನಿಧಾನದ್ದು. ಅದರ ಮುಂದೆ ಶೆಲ್ಲುಗಳು ಸಾಲುಗಟ್ಟಿ ನಿಂತು, ಹೊರಗೆ ಲಾರಿಗಳು ಕಾಯುವಂತಾಯಿತು. ರಾಘವನ್ ನಮ್ಮ ಬೆಂಚಿಗೆ ಬಂದು, "ಇನ್ಮೇಲೆ ಎಲ್ಲ ಪೀಸೂ ಮೆಷಿನ್ನಿಗೆ ಹಾಕ್ಬೇಡಿ. ಲಾಟಿಗೆ ಕೆಲವು ತೆಗೆದು ನೋಡಿ, ಸಾಕು. ರೂಲ್ಸಲ್ಲೇ ಅವಕಾಶ ಇದೆ" ಎಂದರು. ಒಂದು ಬಾರಿಗೆ ಒಂದೇ ಉಕ್ಕಿನಿಂದ ಮಾಡಿದ ಶೆಲ್ಲುಗಳ ಗುಂಪಿಗೆ ಲಾಟ್ ಎನ್ನುತ್ತಿದ್ದೆವು. ನಾನು ಅವರ ಮುಖ ನೋಡಿದೆ. ಅವರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. "ಅಲ್ಲಿ ಗನ್ ಖಾಲಿ ಕೂತಿದೆ ಶಶಿಕಲಾ. ಲೇಟಾದ್ರೂ ಜನ ಸಾಯ್ತಾರೆ" ಎಂದರು. ಅವತ್ತಿನಿಂದ ನಾನು ಲಾಟಿಗೆ ಕೆಲವನ್ನಷ್ಟೇ ಮೆಷಿನ್ನಿಗೆ ಕಳಿಸಿದೆ.

ಯುದ್ಧ ಮುಗಿಯಿತು. ಖಾಲಿಯಾದ ಉಗ್ರಾಣಗಳನ್ನು ತುಂಬಬೇಕೆಂದು ಆರ್ಡರ್ ಮಾತ್ರ ಮುಂದುವರಿಯಿತು. ದಸರೆಗೆ ಮೆಷಿನ್ನುಗಳಿಗೆ ಪೂಜೆ ಮಾಡಿ, ಬೂದುಗುಂಬಳ ಒಡೆದು, ಶೆಲ್ಲುಗಳಿಗೂ ಕುಂಕುಮ ಇಟ್ಟೆವು. ದೀಪಾವಳಿ ಕಳೆದು ಚಳಿ ಬಂತು. ಬೆಳಗಿನ ಬಸ್ಸು ಮಂಜಿನಲ್ಲಿ ದೀಪ ಹಾಕಿಕೊಂಡು ಬರುತ್ತಿತ್ತು. ಕೆಟ್ಟದ್ದೆಲ್ಲ ದೂರದಲ್ಲಿ ನಡೆದು ಮುಗಿಯಿತು, ನಾವು ಬಚಾವಾದೆವು ಎಂಬ ನೆಮ್ಮದಿ ಎಲ್ಲರ ಮುಖದಲ್ಲೂ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪರಮೇಶಣ್ಣನ ಲೇತ್ ನಿಂತಿತ್ತು. ಪಕ್ಕದ ಮನೆಯ ಫೋನಿಗೆ ಕರೆ ಬಂದು ಅವರು ಆಗಲೇ ಪುಣೆಯ ಮಿಲಿಟರಿ ಆಸ್ಪತ್ರೆಗೆ ಹೊರಟಿದ್ದರು. ಮರುಭೂಮಿಯಲ್ಲಿ ಫಿರಂಗಿಯ ಅಭ್ಯಾಸ ನಡೆಯುವಾಗ ಒಂದು ಶೆಲ್ ನಳಿಕೆಯ ಬಾಯಲ್ಲೇ ಸಿಡಿದಿತ್ತು. ಲೋಕೇಶನ ಜೊತೆಯ ಇಬ್ಬರು ಅಲ್ಲೇ ಸತ್ತಿದ್ದರು. ಲೋಕೇಶನ ಬಲಗೈ ಮೊಣಕೈಯಿಂದ ಕೆಳಗೆ ಹೋಗಿತ್ತು. ಬಲಗಿವಿಯೂ ಹೋಗಿತ್ತು.

ಅವನನ್ನು ಊರಿಗೆ ಕರೆತಂದಾಗ ಬೇಸಿಗೆಯ ಬಿಸಿಲು ಏರತೊಡಗಿತ್ತು. ಆರು ತಿಂಗಳ ಹಿಂದೆ ಆಗಿದ್ದರೆ ಭದ್ರಾವತಿ ಸ್ಟೇಷನ್ನಿನಿಂದ ತೆರೆದ ಜೀಪು, ಹಾರ, ಶಾಲೆ ಮಕ್ಕಳು, ಜೈಕಾರ ಎಲ್ಲ ಇರುತ್ತಿತ್ತು. ಇದು ಯುದ್ಧವಲ್ಲ, ಅಭ್ಯಾಸ. ಪರಮೇಶಣ್ಣ ಮಗನ ಟ್ರಂಕನ್ನು ತಾವೇ ಹೊತ್ತು, ಆಟೋದಲ್ಲಿ ಮನೆಗೆ ಕರೆದುಕೊಂಡು ಹೋದರು.

ನಾನೂ ಸೆಲ್ವಿಯೂ ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆವು. ಲೋಕೇಶನಿಗೆ ಇಪ್ಪತ್ತನಾಲ್ಕಿರಬೇಕು, ನನ್ನದೇ ವಯಸ್ಸು. ಗೋಡೆಗೆ ಒರಗಿ ಕೂತಿದ್ದ. ಕಿವಿ ಕೇಳದ್ದರಿಂದ ತನಗೆ ಅರಿವಿಲ್ಲದೆ ಗಟ್ಟಿಯಾಗಿ ಮಾತಾಡುತ್ತಿದ್ದ.

"ದೂರ ಹೋಗಿ ಸಿಡೀಬೇಕಾಗಿದ್ದು ಬಾಯಲ್ಲೇ ಸಿಡೀತು, ಅಷ್ಟೇ ಅಕ್ಕ. ಶಬ್ದ ಸಹ ಕೇಳಲಿಲ್ಲ. ಬಿಳೀ ಬೆಳಕು ಒಂದು ಕಂಡಿದ್ದು ನೆನಪು" ಎಂದ. ಗಂಗಮ್ಮ ಕಿತ್ತಳೆ ಸುಲಿದು ತೊಳೆಗಳನ್ನು ಒಂದೊಂದಾಗಿ ಅವನ ಎಡಗೈಗೆ ಕೊಡುತ್ತಿದ್ದರು.

ಹೊರಡುವಾಗ ಪರಮೇಶಣ್ಣ ನಮ್ಮ ಜೊತೆ ಓಣಿಯ ತಿರುವಿನವರೆಗೆ ಬಂದರು. ಸೆಲ್ವಿ ಸ್ವಲ್ಪ ಮುಂದೆ ಹೋದಳು. ಅವರು ನನ್ನನ್ನು ನಿಲ್ಲಿಸಿ ಕೇಳಿದರು. "ಅದು ನಮ್ದಾ ತಂಗಿ?"

"ಗೊತ್ತಿಲ್ಲ ಪರಮೇಶಣ್ಣ. ಶೆಲ್ ಮಾಡೋರು ನಾವೊಬ್ರೇ ಅಲ್ಲ. ಫ್ಯೂಜ್ ಕೆಟ್ಟಿದ್ರೂ ಹಂಗಾಗುತ್ತೆ, ಮದ್ದು ಸರಿ ತುಂಬಿಲ್ದಿದ್ರೂ ಆಗುತ್ತೆ, ಗನ್ನಿನ ನಳಿಕೆ ಸವೆದಿದ್ರೂ ಆಗುತ್ತೆ."

"ನಮ್ದು ಅಲ್ಲ ಅಂತ ಹೇಳಕ್ಕಾಗುತ್ತಾ ನಿಂಗೆ?"

ನಾನು ಕೈಯಲ್ಲಿದ್ದ ಖಾಲಿ ಚೀಲ ಮಡಚತೊಡಗಿದೆ. ಅವರು ತಲೆಯಾಡಿಸಿ ಮನೆ ಕಡೆ ತಿರುಗಿದರು.

ಕೆಲಸಕ್ಕೆ ವಾಪಸು ಬಂದ ದಿನವೇ ಪರಮೇಶಣ್ಣ ರಾಘವನ್ ಅವರ ಕೋಣೆಗೆ ಹೋಗಿ ಅದೇ ಪ್ರಶ್ನೆ ಕೇಳಿದರು. ಯಾವ ಕಂಪನಿಯ ಶೆಲ್, ಯಾವ ಲಾಟ್. ಬಾಗಿಲು ತೆರೆದೇ ಇದ್ದುದರಿಂದ ನಮಗೆಲ್ಲ ಕೇಳುತ್ತಿತ್ತು. ರಾಘವನ್ ಮೊದಲು ಸಮಾಧಾನ ಹೇಳಿದರು. ಆಮೇಲೆ, "ಇದು ಸೈನ್ಯದ ಗುಟ್ಟಿನ ವಿಷಯ ಪರಮೇಶ್ವರಪ್ಪ. ನನಗೂ ಹೇಳಲ್ಲ, ನಿಮಗೂ ಹೇಳಲ್ಲ. ಕೇಳೋದೇ ತಪ್ಪು" ಎಂದರು. ಪರಮೇಶಣ್ಣ ಮಾರನೇ ದಿನವೂ ಹೋಗಿ ಕೇಳಿದರು. ಆಮೇಲೆ ಜಿಲ್ಲೆಯ ಮಾಜಿ ಸೈನಿಕರ ಕಚೇರಿಗೂ ಹೋಗಿ ಬಂದರು. ಎಲ್ಲ ಕಡೆಯೂ ಅದೇ ಮಾತು.

ಮಾರ್ಚ್ ಕೊನೆಯಲ್ಲಿ ಸೈನ್ಯದ ಕಡೆಯಿಂದ ತನಿಖೆಯ ತಂಡ ಬಂತು. ಅವರು ನಮ್ಮಂಥ ಎಲ್ಲ ಕಾರ್ಖಾನೆಗಳಿಗೂ ಹೋಗುತ್ತಿದ್ದಾರೆಂದು ರಾಘವನ್ ಹೇಳಿದರು. ನಿಜವಿರಬಹುದು. ಅವರು ಬಂದ ದಿನವೇ ಕೆಲವು ಲಾಟ್‌ಗಳಿಗೆ ಸೀಲ್ ಬಿತ್ತು, ಹೊರಗೆ ಹೊರಟಿದ್ದ ಲಾರಿಗಳು ಗೇಟಿನಲ್ಲೇ ನಿಂತವು. ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ನನ್ನ ಎದುರು ಕೂತಿದ್ದ ಅಧಿಕಾರಿ ನರೆಗೂದಲಿನ ಮೆದುಮಾತಿನ ಮನುಷ್ಯ. ರಾಘವನ್ ಪಕ್ಕದಲ್ಲೇ ಕೂತು ನನಗಾಗಿ ಹಿಂದಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಪ್ರತಿ ಶೆಲ್ಲೂ ಮೆಷಿನ್ನಿನಲ್ಲಿ ಹಾದುಹೋಗಿದೆಯೇ ಎಂದು ಅಧಿಕಾರಿ ಕೇಳಿದರು. ರಾಘವನ್ ಆ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ನನ್ನ ಮುಖವನ್ನಲ್ಲ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದರು.

ನಾನು ನನಗೆ ಬರುತ್ತಿದ್ದ ಹರಕು ಹಿಂದಿಯಲ್ಲೇ ಉತ್ತರ ಹೇಳಿದೆ. ಯುದ್ಧದ ತಿಂಗಳುಗಳಲ್ಲಿ ಎಲ್ಲವನ್ನೂ ಹಾಕಿಲ್ಲ, ಕೆಲವನ್ನು ಮಾತ್ರ. ಅಧಿಕಾರಿ ಬರೆದುಕೊಂಡರು. ಇನ್ನೇನೂ ಕೇಳಲಿಲ್ಲ. ಧೈರ್ಯ ಎಂದು ಯಾರಾದರೂ ಅಂದರೆ ನನಗೆ ಮುಜುಗರ. ಪರಮೇಶಣ್ಣ ಆ ಹೊತ್ತಿಗೆ ಗಾಜಿನ ಕಿಟಕಿಯ ಆಚೆ ಲೇತಿನ ಮುಂದೆ ನಿಂತಿದ್ದರು, ನನಗೆ ಬೇರೆ ಮಾತು ಬಾಯಿಗೆ ಬರಲಿಲ್ಲ.

ಎಂಟು ದಿನ ಕಳೆಯುವುದರೊಳಗೆ ನನ್ನನ್ನು ಕ್ಯಾಂಟೀನಿನ ಉಸ್ತುವಾರಿಗೆ ಹಾಕಿದರು. ಸಂಬಳ ಕಡಿಮೆಯಾಗಲಿಲ್ಲ, ಯಾರೂ ಬೈಯಲಿಲ್ಲ. ಮೆಟಲರ್ಜಿ ಓದಿದವಳು ಅಕ್ಕಿಮೂಟೆ, ಬೇಳೆ, ಎಣ್ಣೆಡಬ್ಬಿ ನೋಡಿಕೊಳ್ಳಬೇಕು, ಅಷ್ಟೇ. ತನಿಖೆಯ ವರದಿಯಲ್ಲಿ ಏನಿತ್ತು, ತಪ್ಪು ಯಾರದೆಂದು ತೀರ್ಮಾನವಾಯಿತು, ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಸೀಲ್ ಬಿದ್ದ ಲಾಟ್‌ಗಳು ಹಾಗೇ ಉಳಿದವು. ಹೊಸ ಉಕ್ಕು ಬರುವುದು ಕಡಿಮೆಯಾಯಿತು. ಮೊದಲು ಓವರ್‌ಟೈಮ್ ಹೋಯಿತು, ಆಮೇಲೆ ಗುತ್ತಿಗೆಯವರು ಹೋದರು. ತನಿಖೆಯ ತಂಡವನ್ನು ಕರೆಸಿದ್ದೇ ಪರಮೇಶಣ್ಣ ಎಂಬ ಮಾತು ಹೇಗೋ ಹುಟ್ಟಿಕೊಂಡಿತು. ಯಾವ ಸೈನ್ಯ ಒಬ್ಬ ಲೇತ್ ಕೆಲಸದವನ ಮಾತಿಗೆ ಬರುತ್ತದೆ? ಆದರೂ ಜನ ನಂಬಿದರು. ಭದ್ರಾವತಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಬರುತ್ತಿತ್ತಂತೆ. ಮಂಜಪ್ಪ ಎಲ್ಲರ ಮುಂದೆಯೇ ಅವರನ್ನು ನಿಲ್ಲಿಸಿ, "ಆಗಿದ್ದು ಆಗೋಯ್ತು ಮಾರಾಯ. ನಿನ್ನ ಒಬ್ಬನ ಹಟಕ್ಕೆ ಇಷ್ಟು ಜನರ ಅನ್ನಕ್ಕೆ ಮಣ್ಣು ಹಾಕ್ತೀಯಾ?" ಎಂದ. ಪರಮೇಶಣ್ಣ, "ನಾನು ಅನ್ನ ಕೇಳ್ತಿಲ್ಲ ಮಂಜಪ್ಪ, ಒಂದು ಮಾತು ಕೇಳ್ತಿದೀನಿ" ಎಂದರು.

ಸೆಲ್ವಿಯನ್ನು ಕೆಲಸದಿಂದ ತೆಗೆದ ದಿನ ಅವಳು ಗೇಟಿನಲ್ಲಿ ಪರಮೇಶಣ್ಣನಿಗಾಗಿ ಕಾದು ನಿಂತಿದ್ದಳು. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ನಾನು ಅವಳನ್ನು ಬೀಳ್ಕೊಡಲು ಬಂದಿದ್ದೆ. ಪರಮೇಶಣ್ಣ ಹೊರಗೆ ಬಂದಾಗ ಅವಳು ಮೆಲ್ಲಗೆ, ಅಳದೆ ಹೇಳಿದಳು. "ನಿಮ್ಮ ಮಗಂದು ಒಂದು ಕೈ ಹೋಯ್ತು ಅಣ್ಣಾ. ನನ್ದು ಎರಡು ಕೈಯಿ ಇದೆ, ಏನ್ ಮಾಡ್ಲಿ ಹೇಳಿ ಇದನ್ನ?"

ಅವರು ಕೈಮುಗಿದರು. ಸೆಲ್ವಿ ತಿರುಗಿ ನೋಡದೆ ರಸ್ತೆ ದಾಟಿದಳು. ಕೆಲವು ತಿಂಗಳ ಮೇಲೆ ಅವಳು ಮಕ್ಕಳನ್ನು ಕಟ್ಟಿಕೊಂಡು ಸೇಲಂ ಕಡೆ ಹೋದಳೆಂದು ಕೇಳಿದೆ. ಮತ್ತೆ ನೋಡಲಿಲ್ಲ.

ಅದಾದ ಮೇಲೆ ಪರಮೇಶಣ್ಣ ಪ್ರಶ್ನೆ ಕೇಳುವುದನ್ನು ಬಿಟ್ಟರು. ಆದರೆ ಅವರ ಕೈ ಓಡದಾಯಿತು. ಮುಗಿದ ಶೆಲ್ಲನ್ನು ಲೇತಿನಿಂದ ಇಳಿಸದೆ ಅಳೆಯುವರು, ಬೆರಳಾಡಿಸುವರು, ಮತ್ತೆ ಅಳೆಯುವರು. ಪಕ್ಕದವರು ಹತ್ತು ಇಳಿಸುವಷ್ಟರಲ್ಲಿ ಅವರದು ಒಂದು. ಸೂಪರ್‌ವೈಸರ್ ಕೂಗಾಡಿದರೆ, "ಇದು ಸರಿ ಇದೆ ಅಂತ ನಂಗೆ ಅನ್ನಿಸ್ತಿಲ್ಲ ಸಾರ್" ಎನ್ನುವರು. ಅಳತೆ ಎಲ್ಲ ಸರಿಯೇ ಇರುತ್ತಿತ್ತು. ಕೊನೆಗೆ ಅವರನ್ನು ಲೇತಿನಿಂದ ಬಿಡಿಸಿ, ಶೆಲ್ ತುಂಬುವ ಮರದ ಪೆಟ್ಟಿಗೆಗಳಿಗೆ ಬಣ್ಣ ಹಚ್ಚಲು ಹಾಕಿದರು. ಕ್ಯಾಂಟೀನಿನ ಹಿಂದೆಯೇ ಆ ಶೆಡ್ಡು. ಹಸಿರು ಬಣ್ಣದ ಬ್ರಷ್ ಹಿಡಿದು ಅವರು ಕೂತಿರುವುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಟೀ ಕಳಿಸಿದರೆ ಆರಿಹೋಗುವವರೆಗೂ ಹಾಗೇ ಇಟ್ಟುಕೊಂಡಿರುತ್ತಿದ್ದರು.

ಗಣೇಶನ ಹಬ್ಬಕ್ಕೆ ಮುಂಚೆ, ಲೋಕೇಶ ಸೈನ್ಯದಿಂದ ಬಿಡುಗಡೆಯಾದ ಮೇಲೆ, ಕಂಪನಿ ಒಂದು ಮಾತು ಮುಂದಿಟ್ಟಿತು. ಪರಮೇಶಣ್ಣ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡರೆ ಲೋಕೇಶನಿಗೆ ಸ್ಟೋರಿನಲ್ಲಿ ಕಾಯಂ ಕೆಲಸ. ಗಂಗಮ್ಮನ ಚಿಕಿತ್ಸೆ ಮಗನ ಹೆಸರಿನಲ್ಲಿ ಮುಂದುವರಿಯುತ್ತದೆ. ಇನ್ನು ಆ ವಿಷಯ ಎತ್ತಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಪರಮೇಶಣ್ಣ ಬಾಗಿಲ ಹತ್ತಿರ ಕೂತಿದ್ದರು. "ಆ ಗೇಟಿನೊಳಗೆ ನಿನ್ನ ಕಾಲಿಡಿಸಲ್ಲ" ಎಂದರು.

"ಮತ್ತೆ ಎಲ್ಲಿ ಇಡ್ಲಿ ಅಪ್ಪ? ಒಂದು ಜಾಗ ಹೇಳು" ಎಂದ ಲೋಕೇಶ. "ಎಡಗೈಯಲ್ಲಿ ಇನ್ನೂ ನನ್ನ ಹೆಸರು ನೆಟ್ಟಗೆ ಬರೆಯಕ್ಕೆ ಬರಲ್ಲ. ಯಾರು ಕರೀತಾರೆ ನನ್ನ?"

"ಅವರು ಮಾಡಿದ್ದೇ ಆಗಿದ್ರೆ? ನಾನೇ ಮಾಡಿದ್ದಾಗಿದ್ರೆ?"

"ಆಗಿದ್ರೆ ಆಗಿರ್ಲಿ. ನೀನು ಬೇಕಂತ ಮಾಡಿದ್ಯಾ? ಅದನ್ನ ಗನ್ನಿಗೆ ತುಂಬಿದ್ದು ನಾನೇ ಅಲ್ವಾ? ನೀನು ಮನೇಲಿ ಕೂತ್ಕೋ ಅಪ್ಪ. ಆ ಪೇಂಟು ವಾಸನೇಲಿ ನಿನ್ನ ನೋಡಕ್ಕಾಗಲ್ಲ ನಂಗೆ. ಅಮ್ಮನಿಗೆ ಮಾತ್ರೆ ಬೇಕು. ನಮ್ಮಲ್ಲಿ ಒಬ್ರು ಒಳಗಿರಲೇಬೇಕು."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಗಂಗಮ್ಮ, "ನನ್ನ ಮಾತ್ರೆಗೆ ಅಂತ ನೀನು ಅಲ್ಲಿಗೆ ಹೋಗೋದಾದ್ರೆ ನಂಗೆ ಮಾತ್ರೆನೇ ಬೇಡ" ಎಂದರು. ದನಿ ಬಹಳ ತಗ್ಗಿತ್ತು, ಲೋಕೇಶನ ಕೇಳದ ಕಿವಿಯ ಕಡೆ ನಿಂತಿದ್ದರು.

ಅವನು ತಿರುಗಿ, "ಏನಂದೆ ಅಮ್ಮ?" ಎಂದು ಕೇಳಿದ.

ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು. ಗಂಗಮ್ಮ ಬಾಯಿ ತೆರೆದರು. ಮಗನ ಮುಖ ನೋಡಿದರು, ಮಡಚಿ ಪಿನ್ನು ಹಾಕಿದ ಅವನ ಅಂಗಿಯ ತೋಳು ನೋಡಿದರು. "ಏನಿಲ್ಲ, ಊಟಕ್ಕೆ ಏಳಿ ಅಂದೆ" ಎಂದು ಒಳಗೆ ಹೋದರು. ಆ ಹೊತ್ತಿಗೇ ಎಲ್ಲ ತೀರ್ಮಾನವಾಯಿತು ಎಂದು ನನಗೆ ಈಗ ಅನ್ನಿಸುತ್ತದೆ. ಆಮೇಲೆ ಅವರು ಐದಾರು ವರ್ಷ ಬದುಕಿದರು, ಕೊನೆಯವರೆಗೂ ಮಾತ್ರೆಗೆ ಕೊರತೆಯಾಗಲಿಲ್ಲ. ಪರಮೇಶಣ್ಣ ಮತ್ತೆ ಆ ರಸ್ತೆಗೇ ಬರಲಿಲ್ಲ. ಶಿವಮೊಗ್ಗಕ್ಕೆ ಬರಬೇಕಾದರೂ ಬಸ್ಸು ಬಿಟ್ಟು ರೈಲು ಹತ್ತುತ್ತಿದ್ದರಂತೆ. ನಾನು ಆ ವರ್ಷದ ಕೊನೆಗೆ ಕೆಲಸ ಬಿಟ್ಟು ಒಂದು ಶಾಲೆಗೆ ವಿಜ್ಞಾನ ಹೇಳಿಕೊಡಲು ಸೇರಿದೆ. ಸಂಬಳ ಅರ್ಧಕ್ಕೆ ಇಳಿಯಿತು. ಆಗಲೇ ಗೊತ್ತುಮಾಡಿದ್ದ ಒಂದು ಸಂಬಂಧವೂ ತಪ್ಪಿಹೋಯಿತು.

ಲೋಕೇಶ ಕೆಲಸಕ್ಕೆ ಸೇರಿದ್ದು ಗಣೇಶನ ಹಬ್ಬದ ಮಾರನೇ ವಾರ. ಮಧ್ಯಾಹ್ನ ಕ್ಯಾಂಟೀನಿಗೆ ಬಂದವನು ತಟ್ಟೆಯನ್ನು ಎಡಗೈಯ ಮೇಲೆ ಸಮತೂಕ ಮಾಡಿಕೊಂಡು ಬಂದು ಮಂಜಪ್ಪನ ಎದುರಿಗೇ ಕೂತ. ಅನ್ನ, ಸಾರು, ಕೋಸಿನ ಪಲ್ಯ. ಅವನು ಎಡಗೈಯಿಂದ ಅನ್ನ ಕಲೆಸತೊಡಗಿದಾಗ ಆ ಬೆಂಚಿನವರೆಲ್ಲ ಬೇರೆ ಕಡೆ ನೋಡತೊಡಗಿದರು. ನಾನು ಟೀ ಮಾಡುವಲ್ಲಿಂದ ಒಂದು ಚಮಚ ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

"ಬೇಡ ಅಕ್ಕ, ಇದು ರೂಢಿ ಆಗ್ಬೇಕು" ಎಂದ.

ಉಕ್ಕಿನ ಲೋಡು ತಂದಿದ್ದ ಹೊರಗಿನ ಲಾರಿ ಡ್ರೈವರ್ ಒಬ್ಬರು ಅವತ್ತು ಅದೇ ಬೆಂಚಿನ ತುದಿಯಲ್ಲಿ ಊಟಕ್ಕೆ ಕೂತಿದ್ದರು. ಲೋಕೇಶನ ಮಿಲಿಟರಿ ಪ್ಯಾಂಟು, ಕತ್ತರಿಸಿದ ತಲೆಗೂದಲು, ಖಾಲಿ ತೋಳು ಎಲ್ಲವನ್ನೂ ನೋಡಿ ಗೌರವದಿಂದ ಕೇಳಿದರು. "ಕಾರ್ಗಿಲ್ಲಾ ಅಣ್ಣ?"

ಬೆಂಚಿನ ಮೇಲಿದ್ದ ಕೈಗಳೆಲ್ಲ ನಿಂತವು.

"ಅಲ್ಲ. ಪ್ರಾಕ್ಟೀಸಲ್ಲಿ ಆಗಿದ್ದು" ಎಂದು ಲೋಕೇಶ ಎಂದಿನ ಗಟ್ಟಿದನಿಯಲ್ಲಿ ಹೇಳಿದ. ಕ್ಯಾಂಟೀನಿಗೆಲ್ಲ ಕೇಳಿಸಿತು. "ನಮ್ಮದೇ ಶೆಲ್ಲು, ಗನ್ನಲ್ಲೇ ಸಿಡೀತು."

"ಅಯ್ಯೋ. ಯಾರು ಮಾಡಿದ್ದಂತೆ ಅದು?"

ಲೋಕೇಶ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಸಿಟ್ಟೇನೂ ಇರಲಿಲ್ಲ.

"ಗೊತ್ತಿಲ್ಲ" ಎಂದ. "ಇಲ್ಲಿ ಯಾರಿಗಾದ್ರೂ ಗೊತ್ತಿದ್ರೆ ನಮ್ಮಪ್ಪನಿಗೆ ಹೇಳ್ತಿದ್ರು."

ಮಂಜಪ್ಪ ಜಗ್ಗಿನಿಂದ ನೀರು ಬಗ್ಗಿಸಿ ಲೋಕೇಶನ ಲೋಟ ತುಂಬಿಸಿದ. ಸೈರನ್ ಕೂಗಿತು. ಎಲ್ಲರೂ ಅರ್ಧ ಉಂಡ ತಟ್ಟೆಗಳನ್ನು ಎತ್ತಿಕೊಂಡು ಎದ್ದರು. ಲೋಕೇಶನಿಗೆ ಸೈರನ್ ಕೇಳಿಸಿತೋ ಇಲ್ಲವೋ, ಅವನು ಏಳಲಿಲ್ಲ. ತಲೆ ತಗ್ಗಿಸಿ, ಬೆರಳುಗಳ ಸಂದಿಯಿಂದ ಜಾರುವ ಅನ್ನವನ್ನು ಮತ್ತೆ ಮತ್ತೆ ಕೂಡಿಸಿಕೊಂಡು ಉಣ್ಣುತ್ತಿದ್ದ. ನಾನು ಹತ್ತಿರ ಹೋಗಿ ಇನ್ನೊಂದು ಸೌಟು ಸಾರು ಬಡಿಸಿದೆ.